ಲಿಗೋರನ ಹೆಸರಿಗೆ ಬರೆದ ಮಗ

ಹ್ಯೂಬರ್ಟ್ ರೆಬೆಲ್ಲೊನ ಮನೆಯ ಊಟದ ಮೇಜಿನ ಅರ್ಧ ಭಾಗವನ್ನು ಸತ್ತವರು ಹಿಡಿದುಕೊಂಡು ಎರಡು ತಿಂಗಳಾಗಿತ್ತು. ನಾಲ್ಕು ಡ್ರಾಯಿಂಗ್ ಶೀಟುಗಳನ್ನು ಒಂದಕ್ಕೊಂದು ಅಂಟಿಸಿ, ಅಂಗಣತೋಟ ರೆಬೆಲ್ಲೊ ಕುಟುಂಬದ ಏಳು ತಲೆಮಾರುಗಳನ್ನು ಅವನು ಸ್ಕೇಲು ಹಿಡಿದು ಅದರ ಮೇಲೆ ಕೂರಿಸುತ್ತಿದ್ದ. ಉಳಿದ ಅರ್ಧದಲ್ಲಿ ಬದುಕಿದ್ದ ನಾಲ್ವರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣಬೇಕಿತ್ತು.

"ನಿಮ್ಮ ಮುತ್ತಜ್ಜನ ಮೇಲೆ ಸಾರು ಬಿದ್ರೆ ನನ್ನನ್ನು ಬೈಬೇಡಿ," ಎಂದಳು ಹೆಂಡತಿ ವೆರೋನಿಕಾ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಗಂಡನೊಂದಿಗೆ ಮಾತಾಡುವಾಗಲೂ ಕೊನೆಯ ಬೆಂಚಿಗೆ ಕೇಳುವಷ್ಟು ಗಟ್ಟಿ ದನಿ.

"ಬಟ್ಟಲು ಸ್ವಲ್ಪ ಆಚೆ ಇಡು ಮಾರಾಯ್ತಿ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಪುಸ್ತಕ ಆಗ್ಬೇಕು."

ಡಿಸೆಂಬರ್ ಇಪ್ಪತ್ತೆಂಟಕ್ಕೆ ಕುಟುಂಬ ಸಮ್ಮಿಲನ. ಮುಂಬೈಯವರು, ಕುವೈಟಿನವರು, ಕೆನಡಾದವರು ಕ್ರಿಸ್ಮಸ್ಸಿಗೆ ಊರಿಗೆ ಬಂದಿರುವ ಹೊತ್ತು. ಅಂದು ವಂಶಾವಳಿಯ ಪುಸ್ತಕ ಬಿಡುಗಡೆ. ಪಕ್ಕದ ಕುಟುಂಬದವರು ಆರು ತಲೆಮಾರು ಅಚ್ಚು ಹಾಕಿಸಿದರೆ ತಾವು ಏಳು ಹಾಕಿಸಬೇಕೆಂಬ ಜ್ವರ ಈಚೆಗೆ ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಹಬ್ಬಿತ್ತು. ಹ್ಯೂಬರ್ಟನಿಗೆ ಅದು ನೆತ್ತಿಗೇರಿತ್ತು. ಕೊಡಿಯಾಲ್‌ಬೈಲಿನ ಒಂದು ಕಾಲೇಜಿನ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದಾಗ ಅರ್ಜಿಯ ಒಂದು ಕಾಲಂ ಖಾಲಿಯಿದ್ದರೂ ವಾಪಸು ಎಸೆಯುತ್ತಿದ್ದ ಮನುಷ್ಯ ಅವನು. ಈಗ ಅವನದೇ ಶೀಟಿನಲ್ಲಿ ಒಂದು ಚೌಕ ಖಾಲಿಯಿತ್ತು. ತೀರಿಹೋದ ಅಪ್ಪ ಬಾಲ್ತಜಾರನ ಮೇಲಿನ ಚೌಕ. ಅಪ್ಪನ ತಂದೆತಾಯಿ ಸಣ್ಣ ಪ್ರಾಯದಲ್ಲೇ ಹೋದರು, ಅಂಗಣತೋಟದ ಸಾಲ್ವದೋರ್ ರೆಬೆಲ್ಲೊ ಅವನನ್ನು ಸಾಕಿದರು ಎಂದಷ್ಟೇ ಅವನು ಕೇಳಿದ್ದ. ಸಾಲ್ವದೋರನ ತಮ್ಮಂದಿರಲ್ಲಿ ಯಾರೋ ಒಬ್ಬ ತನ್ನ ಅಜ್ಜ ಎಂದು ತಾನೇ ತೀರ್ಮಾನಿಸಿ ಅರುವತ್ತಾರು ವರ್ಷ ಎದೆ ಸೆಟೆಸಿ ನಡೆದಿದ್ದ.

ಆ ಸೆಟೆದ ಎದೆಯ ಪೆಟ್ಟು ತಿಂದವಳು ಮಗಳು ಮೆರ್ಲಿನ್. ಮೂವತ್ಮೂರರ ನರ್ಸ್. ಎರಡು ವರ್ಷದ ಹಿಂದೆ ತನ್ನ ಆಸ್ಪತ್ರೆಯ ಲ್ಯಾಬಿನ ಮೆಲ್ವಿನ್ ಎಂಬವನನ್ನು ಮನೆಗೆ ಕರೆತಂದಿದ್ದಳು. "ಮನೆತನ ಯಾವುದು?" ಎಂದು ಹ್ಯೂಬರ್ಟ್ ಕೇಳಿದ್ದಕ್ಕೆ ಅವನು, "ಗೊತ್ತಿಲ್ಲ ಅಂಕಲ್, ಅನಾಥಾಲಯದ ಸಿಸ್ಟರ್‌ಗಳು ಸಾಕಿದ್ದು," ಎಂದಿದ್ದ. ಅವನು ಚಹಾ ಕುಡಿದು ಮುಗಿಸುವವರೆಗೆ ಕಾದು, "ಬೇರಿಲ್ಲದ ಮರಕ್ಕೆ ನಾವು ಹೆಣ್ಣು ಕೊಡುವುದಿಲ್ಲ," ಎಂದಿದ್ದ ಹ್ಯೂಬರ್ಟ್. ಮೆಲ್ವಿನ್ ಲೋಟವನ್ನು ತಾನೇ ಒಳಗೆ ಕೊಂಡುಹೋಗಿ ಇಟ್ಟು ಹೊರಟುಹೋದ. ಕಳೆದ ವರ್ಷ ಉಡುಪಿ ಕಡೆಯ ಹುಡುಗಿಯನ್ನು ಮದುವೆಯಾದ. ಈಗ ಕುಟುಂಬದ ಹಿರಿಯ, ಸಾಲ್ವದೋರನ ಮೊಮ್ಮಗ ಹೆನ್ರಿ, ಮೆರ್ಲಿನ್‌ಗೆ ಉಳ್ಳಾಲ ಕಡೆಯ ಸಂಬಂಧವೊಂದನ್ನು ತಂದಿದ್ದ. ಅಂಗಣತೋಟದ ಹೆಣ್ಣು ಎಂಬ ಒಂದೇ ಮಾತಿಗೆ ಅವರು ಒಪ್ಪಿದ್ದರು.

ಅಕ್ಟೋಬರ್ ಮೊದಲ ವಾರ ಹ್ಯೂಬರ್ಟ್ ಇಗರ್ಜಿಯ ಕಚೇರಿಗೆ ಹೋದ. ಅಪ್ಪನ ಜ್ಞಾನಸ್ನಾನದ ದಾಖಲೆ ಸಿಕ್ಕಿದರೆ ಅಜ್ಜನ ಹೆಸರೂ ಸಿಕ್ಕಿಬಿಡುತ್ತದೆ. ಎಳೆಯ ಸಹಾಯಕ ಪಾದ್ರಿ ರಟ್ಟು ಕಿತ್ತುಹೋದ ಪುಸ್ತಕ ಬಿಡಿಸಿ, ಬೆರಳಿಟ್ಟು ಲ್ಯಾಟಿನ್ ಸಾಲುಗಳನ್ನು ಹುಡುಕಿದ.

"ಇಲ್ಲುಂಟು ಅಂಕಲ್. ಸಾವಿರದ ಒಂಬೈನೂರ ಮೂವತ್ತೊಂದು, ಜನವರಿ ಆರು. ಬಾಲ್ತಜಾರ್. ಪ್ರಾಯ ಸುಮಾರು ಮೂರು ದಿವಸ. ತಂದೆತಾಯಿ..." ಅವನು ತಡೆದ.

"ಓದಿ ಫಾದರ್."

"ಗೊತ್ತಿಲ್ಲ ಅಂತ ಉಂಟು. ಅನಾಥಾಲಯದ ಮೆಟ್ಟಿಲಲ್ಲಿ ಸಿಕ್ಕಿದ ಮಗು. ಜ್ಞಾನಸ್ನಾನಕ್ಕೆ ಎತ್ತಿ ಹಿಡಿದ ಧರ್ಮಮಾತೆ ಇಸಾಬೆಲ್, ಹಂಚಿನ ಕಾರ್ಖಾನೆಯ ಕೂಲಿ."

"ಇದು ಬೇರೆ ಬಾಲ್ತಜಾರ್ ಆಗಿರ್ಬೇಕು."

"ಬದಿಯಲ್ಲಿ ಮದುವೆಯದ್ದೂ ಬರೆದಿದ್ದಾರೆ ಅಂಕಲ್. ಐವತ್ತಾರರಲ್ಲಿ, ಕಾರ್ಮಿನ್ ಜೊತೆಗೆ. ನಿಮ್ಮ ಮಮ್ಮಿಯ ಹೆಸರು ಕಾರ್ಮಿನ್ ಅಲ್ವಾ?"

ಹ್ಯೂಬರ್ಟ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದ. ಅಕ್ಷರಗಳು ಬದಲಾಗಲಿಲ್ಲ. ಪ್ರತಿ ಬೇಕಾ ಎಂದು ಪಾದ್ರಿ ಕೇಳಿದ್ದಕ್ಕೆ ಬೇಡ ಎಂದು ಹೇಳಿ, ಕೊಡೆಯನ್ನು ಅಲ್ಲಿಯೇ ಮರೆತು, ಮನೆಗೆ ನಡೆದ.

ಎಂಬತ್ತೇಳರ ಕಾರ್ಮಿನ್ ಬಾಯಿ ಹಿತ್ತಿಲ ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಳು.

"ಮಾಂಯ್, ಪಪ್ಪ ಯಾರ ಮಗ?"

ಮುದುಕಿಯ ಕೈ ನಿಂತಿತು. "ಯಾರು ಎಂತ ಹೇಳಿದ್ರು?"

"ಇಗರ್ಜಿಯ ಪುಸ್ತಕ ಹೇಳ್ತು."

"ಹಾಗಾದ್ರೆ ಸರಿಯಾಗಿಯೇ ಹೇಳಿರ್ತದೆ."

"ಇಷ್ಟು ವರ್ಷ ನನ್ನ ಹತ್ತಿರ ಮುಚ್ಚಿಟ್ಟೆಯಾ?"

"ನೀನು ಕೇಳ್ಲಿಲ್ಲ ಹ್ಯೂಬಿ. ನಿಂಗೆ ಬೇಕಾದ ಅಜ್ಜನನ್ನು ನೀನೇ ಮಾಡಿಕೊಂಡೆ. ಅಷ್ಟು ಖುಷಿಯಲ್ಲಿದ್ದೆ, ಹೇಗೆ ಹೇಳುವುದು? ಪಪ್ಪನಿಗೆ ಒಂಬತ್ತು ವರ್ಷ ಆಗುವಾಗ ಸಾಲ್ವದೋರ್ ಬಾಬ್ ಅನಾಥಾಲಯದಿಂದ ಕರ್ಕೊಂಡು ಬಂದದ್ದು, ದನ ನೋಡಿಕೊಳ್ಳಲಿಕ್ಕೆ. ಶಾಲೆಯಲ್ಲಿ ಮಾಸ್ತರು ಮನೆಹೆಸರು ಕೇಳಿದ್ದಕ್ಕೆ ನನ್ನದೇ ಬರೀರಿ ಅಂದ್ರಂತೆ. ಮತ್ತೆ ಮಗನ ಹಾಗೆ ಸಾಕಿದ್ರು. ಈ ಜಾಗ ಕೊಟ್ಟದ್ದೂ ಅವರೇ."

"ದನ ಮೇಯಿಸ್ಲಿಕ್ಕೆ ತಂದವನು! ನಾನು ಹತ್ತು ಜನರ ಎದುರು ಎಂತ ಮುಖ ಇಟ್ಟುಕೊಂಡು ನಿಲ್ಲುವುದು?"

"ಪಪ್ಪನದ್ದೇ ಮುಖ ಅಲ್ವಾ ನಿಂದು, ಅದನ್ನೇ ಇಟ್ಟುಕೊಂಡು ನಿಲ್ಲು. ಅವರು ಪ್ರತಿ ಜನವರಿ ಆರಕ್ಕೆ ಪೂಜೆಗೆ ಹೋಗಿ ಬಂದು ಪಾಯಸ ಮಾಡಿಸ್ತಿದ್ರು, ನೆನಪುಂಟಾ? ಹೆತ್ತವರು ನನ್ನನ್ನು ಬಿಟ್ಟ ದಿನ ಗೊತ್ತಿಲ್ಲ ಕಾರ್ಮಿನ್, ದೇವರು ಎತ್ತಿಕೊಂಡ ದಿನ ಗೊತ್ತುಂಟು ಅಂತಿದ್ರು."

"ದೇವರ ಮಾತು ಪಾದ್ರಿಯ ಪ್ರಸಂಗದಲ್ಲಿ ಚಂದ. ನಿಂಗೆ ಗೊತ್ತಿದ್ದೂ ಅವರನ್ನು ಕಟ್ಟಿಕೊಂಡೆಯಾ? ಊರಿನಲ್ಲಿ ಬೇರೆ ಗಂಡೇ ಇರ್ಲಿಲ್ವಾ?"

ಕಾರ್ಮಿನ್ ಬಾಯಿ ಮಗನ ಮುಖವನ್ನು ಒಮ್ಮೆ ನೋಡಿದಳು. ಮತ್ತೆ ತಲೆ ತಗ್ಗಿಸಿ ಉಳಿದ ಸಿಗಡಿಯನ್ನೆಲ್ಲ ಸುಲಿದು ಮುಗಿಸಿದಳು. ಆಡಿದ ಮಾತು, ಒಡೆದ ಮಡಕೆ. ಹ್ಯೂಬರ್ಟನಿಗೆ ತಾನು ಆಡಿದ್ದು ಗೊತ್ತಾಯಿತು, ಆದರೆ ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಒಳಗೆ ಬಂದು, ಈ ವಿಷಯ ಇನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಹೆಂಡತಿಗೂ ಮಗಳಿಗೂ ಅಪ್ಪಣೆ ಕೊಟ್ಟ.

ಮೆರ್ಲಿನ್ ಡ್ಯೂಟಿಯಿಂದ ಆಗಷ್ಟೇ ಬಂದು ನಿಂತಿದ್ದಳು. ವಿಷಯ ಏನೆಂದು ಅಮ್ಮನಿಂದ ಕೇಳಿ ತಿಳಿದು ಅವಳು ನಕ್ಕಳು. ಆ ನಗೆ ಕೇಳಿ ವೆರೋನಿಕಾ ಹೆದರಿದಳು.

"ಡ್ಯಾಡಿ, ಮೆಲ್ವಿನ್‌ಗೆ ಹೇಳಿದ ಮಾತು ನೆನಪುಂಟಾ?"

"ಅವನ ವಿಷಯ ಈಗ ಎಂತಕ್ಕೆ?"

"ಎಂತಕ್ಕೂ ಇಲ್ಲ. ಬೇರು ಎಷ್ಟು ಆಳ ಉಂಟು ಅಂತ ಕೇಳಿದೆ."

ಅಂದಿನಿಂದ ಮನೆಯಲ್ಲಿ ಉಣ್ಣುವವರು ಮೂವರು ಒಂದು ಹೊತ್ತು, ಹ್ಯೂಬರ್ಟ್ ಇನ್ನೊಂದು ಹೊತ್ತು. ಸಂಜೆ ಏಳೂವರೆಯ ತೇರ್ಸಕ್ಕೆ, ಜಪಮಾಲೆಯ ಪ್ರಾರ್ಥನೆಗೆ, ಅವನು ಬರುವುದನ್ನು ಬಿಟ್ಟ. ನಲುವತ್ತು ವರ್ಷ ಅವನೇ ಮುಂದೆ ನಿಂತು ಹೇಳಿಸುತ್ತಿದ್ದುದು. ಈಗ ಕಾರ್ಮಿನ್ ಬಾಯಿಯ ಬಿದ್ದುಹೋದ ಹಲ್ಲುಗಳ ನಡುವಿನಿಂದ ಪ್ರಾರ್ಥನೆ ತಡೆತಡೆದು ಬರುತ್ತಿತ್ತು.

ಇನ್ನೊಂದನ್ನೂ ಅವನು ಬಿಟ್ಟ. ಅಮ್ಮನ ಸ್ನಾನದ ನೀರಿನ ಕೆಲಸ ಅವನದ್ದು. ಹಿತ್ತಿಲ ಬಚ್ಚಲಿನ ಹಂಡೆಗೆ ಬೆಳಗ್ಗೆ ಬೆಂಕಿ ಹಾಕಿ, ನೀರು ಬೆರೆಸಿ ಬಕೆಟಿಗೆ ತುಂಬಿಸಿ, ಎರಡು ಮೆಟ್ಟಿಲು ಕೈಹಿಡಿದು ಇಳಿಸುತ್ತಿದ್ದ. ಈಗ ಬೆಳಗಾದರೆ ಶೀಟಿನ ಮುಂದೆ ಕೂರುತ್ತಿದ್ದ. ವೆರೋನಿಕಾ ಒಂದು ವಾರ ಆ ಕೆಲಸ ಮಾಡಿದಳು. ಎಂಟನೆಯ ದಿನ ಅವಳು ಮೀನಿನವಳ ಹತ್ತಿರ ಚೌಕಾಸಿಗೆ ನಿಂತಿದ್ದಾಗ ಮುದುಕಿ ಯಾರನ್ನೂ ಕರೆಯದೆ ತಾನೇ ಇಳಿದಳು. ಬಿದ್ದ ಸದ್ದು ಮೊದಲು ಕೇಳಿದ್ದು ಹ್ಯೂಬರ್ಟನಿಗೆ.

ಸೊಂಟದ ಎಲುಬು ಮುರಿದಿತ್ತು. ಈ ಪ್ರಾಯಕ್ಕೆ, ಈ ಹೃದಯಕ್ಕೆ ಆಪರೇಷನ್ ಆಗದು, ಮನೆಗೆ ಕರೆದುಕೊಂಡು ಹೋಗಿ ನೋಡಿಕೊಳ್ಳಿ ಎಂದರು ಡಾಕ್ಟರು. ನಡುಕೋಣೆಯಲ್ಲಿ ಮಂಚ ಹಾಕಿದರು. ಮೆರ್ಲಿನ್ ಆಸ್ಪತ್ರೆಯಲ್ಲಿ ಎಂಟು ಗಂಟೆ ರೋಗಿಗಳನ್ನು ಹೊರಳಿಸಿ ಬಂದು ಮನೆಯಲ್ಲಿ ಅಜ್ಜಿಯನ್ನು ಹೊರಳಿಸುತ್ತಿದ್ದಳು. ವೆರೋನಿಕಾ ಗಂಜಿಯನ್ನು ಅರೆದು ಚಮಚದಲ್ಲಿ ಕುಡಿಸುತ್ತಿದ್ದಳು. ಹ್ಯೂಬರ್ಟ್ ಔಷಧಿ ತರುತ್ತಿದ್ದ, ಬಾಗಿಲ ಬಳಿ ಇಟ್ಟು ಹೋಗುತ್ತಿದ್ದ.

"ಒಳಗೆ ಹೋಗಿ ಎರಡು ಮಾತು ಆಡ್ಲಿಕ್ಕೆ ಆಗುದಿಲ್ವಾ ನಿಮ್ಗೆ?" ಎಂದು ವೆರೋನಿಕಾ ಒಂದು ದಿನ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ಕೇಳಿದಳು.

"ಎಂತ ಆಡುವುದು?"

"ಬಿದ್ದದ್ದು ನಿಮ್ಮಿಂದ ಅಂತ ಅವರು ಒಂದು ಸಲ ಹೇಳ್ಲಿಲ್ಲ. ಹೇಳಿದ್ರೆ ನಿಮ್ಗೆ ಸುಲಭ ಆಗ್ತಿತ್ತು ಅಲ್ವಾ? ಜಗಳ ಮಾಡಬಹುದಿತ್ತು."

ಅವಳು ಹೇಳಿದ್ದು ನಿಜವಾಗಿತ್ತು. ಅವನಿಗೆ ನಾಚಿಕೆಯಾಗಿತ್ತು, ಎರಡು ಪಟ್ಟು ನಾಚಿಕೆ. ಅಪ್ಪನದ್ದಕ್ಕೆ ಒಂದು, ಅಮ್ಮನಿಗೆ ಮಾಡಿದ್ದಕ್ಕೆ ಇನ್ನೊಂದು. ಎರಡನ್ನೂ ಮುಚ್ಚಲು ಅವನಿಗೆ ತಿಳಿದದ್ದು ಒಂದೇ ದಾರಿ, ಖಾಲಿ ಕಾಲಂ ತುಂಬುವುದು. ಸಾಲ್ವದೋರನ ತಮ್ಮಂದಿರ ಸಾಲಿನಲ್ಲಿ ಕೊನೆಯವನು ಲಿಗೋರ್. 'ಚಿಕ್ಕ ಪ್ರಾಯದಲ್ಲಿ ಮರಣ' ಎಂಬುದು ಬಿಟ್ಟರೆ ಹಳೆಯ ಪಟ್ಟಿಯಲ್ಲಿ ಬೇರೇನೂ ಇರಲಿಲ್ಲ. ಹೆಂಡತಿಯಿಲ್ಲ, ಇಸವಿಯಿಲ್ಲ, ಕೇಳಲು ಬರುವ ಮಕ್ಕಳಿಲ್ಲ. ಹ್ಯೂಬರ್ಟ್ ಸ್ಕೇಲು ಇಟ್ಟು ಲಿಗೋರನಿಂದ ಬಾಲ್ತಜಾರನಿಗೆ ಒಂದು ಗೆರೆ ಎಳೆದ. ಲಿಗೋರನ ಪಕ್ಕದಲ್ಲಿ 'ಇಸಾಬೆಲ್' ಎಂದು ಬರೆದ. ಆ ಹೆಸರೇ ಯಾಕೆ ಕೈಗೆ ಬಂತೋ ಅವನಿಗೂ ತಿಳಿಯಲಿಲ್ಲ.

ವೆರೋನಿಕಾ ಅದನ್ನು ನೋಡಿದಳು. "ಪರರ ಮೇಲೆ ಸುಳ್ಳು ಹೇಳಬೇಡ ಅಂತ ನಾನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದೆ," ಎಂದಳು.

"ಸತ್ತವನ ಮೇಲೆ ತಾನೇ? ಅವನಿಗೆ ಎಂತ ನಷ್ಟ?"

ನವೆಂಬರ್ ನಡುವಿಗೆ ಪುಸ್ತಕದ ಕರಡು ವಾಟ್ಸಾಪಿನಲ್ಲಿ ಕುಟುಂಬದ ಎಲ್ಲರಿಗೂ ಹೋಯಿತು. ಮೂರು ದಿನ ಬರೀ ಕೈಮುಗಿಯುವ ಚಿತ್ರಗಳು, ಹೂಗುಚ್ಛಗಳು ಬಂದವು. ನಾಲ್ಕನೆಯ ದಿನ ಹೆನ್ರಿ ಫೋನು ಮಾಡಿ, ಕೊಡಿಯಾಲ್‌ಬೈಲಿನ ತನ್ನ ಫ್ಲಾಟಿಗೆ ಬರಹೇಳಿದ. ದನಿ ಸರಿ ಇರಲಿಲ್ಲ.

ಅಂದು ಬೆಳಗ್ಗಿನಿಂದ ಕಾರ್ಮಿನ್ ಬಾಯಿಯ ಉಸಿರು ಸಣ್ಣಗಾಗಿತ್ತು. "ಡ್ಯಾಡಿ, ಇವತ್ತು ಎಲ್ಲಿಗೂ ಹೋಗ್ಬೇಡಿ," ಎಂದಳು ಮೆರ್ಲಿನ್.

"ಅರ್ಧ ಗಂಟೆ, ಬಂದೆ."

ಎಂಬತ್ತು ದಾಟಿದ ಹೆನ್ರಿ ಕರಡನ್ನು ಕಾಗದದಲ್ಲಿ ತೆಗೆಸಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಕೂರು ಎನ್ನಲಿಲ್ಲ.

"ಲಿಗೋರ್ ಅಂಕಲ್ ಯಾರು ಅಂತ ನಿಂಗೆ ಗೊತ್ತುಂಟಾ ಹ್ಯೂಬರ್ಟ್?"

"ಚಿಕ್ಕ ಪ್ರಾಯದಲ್ಲಿ ಹೋದವರು."

"ಸೆಮಿನರಿಯಲ್ಲಿ ಹೋದವರು. ಪಾದ್ರಿ ಆಗ್ಲಿಕ್ಕೆ ಓದ್ತಾ ಇದ್ದವರು, ಲೋಬ್, ಪಾದ್ರಿಯ ನಿಲುವಂಗಿ, ಹಾಕಿ ಆಗಿತ್ತು. ಮೂವತ್ತೆರಡನೇ ಇಸವಿಯಲ್ಲಿ ಟೈಫಾಯ್ಡ್ ಬಂದು ಸತ್ರು. ಅವರ ಗೋರಿ ಇವತ್ತಿಗೂ ಸೆಮಿನರಿಯ ತೋಟದಲ್ಲಿ ಉಂಟು. ನನ್ನ ಮಮ್ಮಿ ಸಾಯುವವರೆಗೆ ಅವರನ್ನು ಸಂತನ ಹಾಗೆ ನೆನೆಸ್ತಿದ್ರು. ನೀನು ಅವರಿಗೆ ಸೆಮಿನರಿಯಲ್ಲಿ ಇರುವಾಗಲೇ ಒಬ್ಬ ಹೆಂಗಸನ್ನು, ಒಬ್ಬ ಮಗನನ್ನು ಕೊಟ್ಟಿದ್ದೀ!"

ಹೆನ್ರಿ ಕರಡನ್ನು ಅವನ ಕಡೆಗೆ ಚಾಚಿದ.

"ಕುವೈಟಿನಿಂದ ಫೋನು, ಕೆನಡಾದಿಂದ ಫೋನು. ಲಿಗೋರ್ ಅಂಕಲ್ ಹಾಗೆ ಮಾಡಿದ್ದು ಹೌದಾ ಅಂತ ಕೇಳ್ತಾರೆ. ಹೇಳು, ಎಲ್ಲಿಂದ ಸಿಕ್ಕಿತು ಈ ಸಂಗತಿ?"

ನಿಜ ಹೇಳಲು ಅದೇ ಸಮಯ. ಒಂದೇ ಒಂದು ವಾಕ್ಯ ಸಾಕಿತ್ತು. ಹ್ಯೂಬರ್ಟ್ ಹೇಳಿದ್ದು: "ಇಗರ್ಜಿಯ ಪುಸ್ತಕದಲ್ಲಿ ಹಾಗೆ ಉಂಟು."

ಹೆನ್ರಿ ಕಣ್ಣು ಮುಚ್ಚಿಕೊಂಡ. ಗಂಟೆ ಮೂರಾಗುತ್ತಾ ಬಂದಿತ್ತು. ಆಗ ಹ್ಯೂಬರ್ಟನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ವೆರೋನಿಕಾಳ ಗಟ್ಟಿ ದನಿ ಅಂದು ಗಟ್ಟಿಯಿರಲಿಲ್ಲ. "ಬನ್ನಿ," ಎಂದಳು, ಅಷ್ಟೇ. ಮನೆಯಿದ್ದ ಕದ್ರಿಯ ಕಡೆಗೆ ರಿಕ್ಷಾ ಏರುವಷ್ಟರಲ್ಲಿ ವಾಹನಗಳು ಕಟ್ಟಿಕೊಂಡು ನಿಂತವು. ಅವನು ಇಳಿದು ಏದುಸಿರು ಬಿಡುತ್ತಾ ಓಡಿದ. ಮನೆ ಮುಟ್ಟುವಾಗ ಮೆರ್ಲಿನ್ ಅಜ್ಜಿಯ ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು.

ಮರುದಿನ ಸಂಜೆ ಇಗರ್ಜಿಯಲ್ಲಿ ಪೆಟ್ಟಿಗೆಯ ಪಕ್ಕದ ಬೆಂಚಿನಲ್ಲಿ ಹ್ಯೂಬರ್ಟ್ ಕೂತ. ಅಳು ಬರಲಿಲ್ಲ. ಜನ ನೋಡುತ್ತಿದ್ದಾರೆ, ಲಿಗೋರನ ಸುದ್ದಿ ಮಾತಾಡುತ್ತಿದ್ದಾರೆ ಎಂದೇ ಮನಸ್ಸು ಹಿಂದಿನ ಬೆಂಚುಗಳ ಕಡೆಗೆ ಹರಿಯುತ್ತಿತ್ತು. ಅದೇ ಎಳೆಯ ಪಾದ್ರಿ ಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸಿ, "ನಿನ್ನ ಸೇವಕಿ ಕಾರ್ಮಿನ್," ಎಂದ. ಮತ್ತೊಮ್ಮೆ, ಮಗದೊಮ್ಮೆ, ಕಾರ್ಮಿನ್. ಪ್ರಾರ್ಥನೆ ಮುಗಿಯುವವರೆಗೆ ರೆಬೆಲ್ಲೊ ಎಂಬ ಮಾತು ಒಂದು ಸಲವೂ ಬರಲಿಲ್ಲ. ನೂರಾರು ಶವಸಂಸ್ಕಾರಗಳಲ್ಲಿ ಕೂತಿದ್ದರೂ ಹ್ಯೂಬರ್ಟ್ ಅದನ್ನು ಗಮನಿಸಿರಲಿಲ್ಲ. ಇಲ್ಲಿ ಮನೆಹೆಸರು ಕೇಳುವವರೇ ಇಲ್ಲ. ಜ್ಞಾನಸ್ನಾನದ ನೀರು ಹೊಯ್ದು ಹೆಸರಿಟ್ಟಾಗಲೂ ಕೇಳಲಿಲ್ಲ, ನೀರು ಚಿಮುಕಿಸಿ ಕಳಿಸುವಾಗಲೂ ಕೇಳುವುದಿಲ್ಲ. ಮೂರು ದಿವಸದ ಕೂಸು ಬಾಲ್ತಜಾರ್ ಮೆಟ್ಟಿಲಿನಿಂದ ಬಂದು ಯಾವ ಸಂಕೋಚವೂ ಇಲ್ಲದೆ ಈ ಬಾಗಿಲಲ್ಲಿ ಒಳಗಾಗಿದ್ದ. ಅವನ ಮಗನೆಂದು ಹೇಳಿಕೊಳ್ಳಲು ತನಗೆ ಸಂಕೋಚ! ಹ್ಯೂಬರ್ಟನಿಗೆ ಆಗ ಅಳು ಬಂತು. ಎಷ್ಟು ಬಂತೆಂದರೆ ವೆರೋನಿಕಾ ಅವನ ರಟ್ಟೆ ಹಿಡಿದುಕೊಳ್ಳಬೇಕಾಯಿತು.

ಏಳನೆಯ ದಿನದ ಪೂಜೆ ಮುಗಿಸಿ ಮಧ್ಯಾಹ್ನ ಎಲ್ಲರೂ ಮನೆಗೆ ಊಟಕ್ಕೆ ಬಂದರು. ಅಂಗಳಕ್ಕೆ ಶಾಮಿಯಾನ, ಬೆಂಚುಗಳು, ಅನ್ನ, ಸಾರು, ಬಟಾಟೆ ಪಲ್ಯ. ಹೆನ್ರಿ ಬಂದಿದ್ದ, ಉಳ್ಳಾಲದವರೂ ಬಂದಿದ್ದರು. ಪ್ರಾರ್ಥನೆ ಹೇಳಿ ಅನ್ನಕ್ಕೆ ಕೈಹಾಕುವ ಮೊದಲು ಹ್ಯೂಬರ್ಟ್ ಎದ್ದು ನಿಂತ.

"ಒಂದು ಮಾತುಂಟು. ನನ್ನ ಅಪ್ಪ ಲಿಗೋರ್ ಅಂಕಲ್‌ನ ಮಗ ಅಲ್ಲ. ಅವರ ಮೇಲೆ ನಾನು ಸುಳ್ಳು ಬರೆದೆ. ಆ ಪುಣ್ಯಾತ್ಮರು ನನ್ನನ್ನು ಕ್ಷಮಿಸ್ಲಿ." ಅವನು ಹೆನ್ರಿಯ ಕಡೆಗೆ ತಿರುಗಿದ. "ನನ್ನ ಅಪ್ಪನನ್ನು ಹೆತ್ತವರು ಯಾರು ಅಂತ ಗೊತ್ತಿಲ್ಲ. ಮೆಟ್ಟಿಲಲ್ಲಿ ಸಿಕ್ಕಿದ್ದು. ಇಸಾಬೆಲ್ ಅಂತ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಹೆಂಗಸು ತೀರ್ಥದ ತೊಟ್ಟಿಯ ಹತ್ತಿರ ಎತ್ತಿ ಹಿಡಿದದ್ದು."

ಯಾರೂ ಉಣ್ಣಲಿಲ್ಲ. ಹೆನ್ರಿ ನಿಧಾನವಾಗಿ ಕೇಳಿದ: "ಹಾಗಾದ್ರೆ ನೀನು ಯಾರು ಹ್ಯೂಬರ್ಟ್?"

"ಬಾಲ್ತಜಾರನ ಮಗ. ಬಾಲ್ತಜಾರ್ ದೇವರ ಮಗ. ಅದಕ್ಕಿಂತ ಮೇಲೆ ಬರೆಯಲಿಕ್ಕೆ ನನ್ನ ಹತ್ತಿರ ಚೌಕ ಇಲ್ಲ."

"ಪುಸ್ತಕದಲ್ಲಿ ನಿನ್ನ ಮನೆಯವರ ಪುಟ ಇರುವುದಿಲ್ಲ."

"ತೆಗೀರಿ ಹೆನ್ರಿ ಅಂಕಲ್. ಲಿಗೋರ್ ಅಂಕಲ್‌ನ ಹೆಸರು ಮಾತ್ರ ಶುದ್ಧ ಮಾಡಿ ಹಾಕಿ."

ಉಳ್ಳಾಲದವರು ಅನ್ನ ಮುಟ್ಟದೆ ಎದ್ದರು. ಅವರ ಹಿಂದೆ ಎರಡು ಬೆಂಚು ಖಾಲಿಯಾಯಿತು. ಹೆನ್ರಿ ಮಾತ್ರ ತಲೆತಗ್ಗಿಸಿ ಉಂಡು, ಯಾರನ್ನೂ ನೋಡದೆ ಕೈತೊಳೆದು ಹೋದ. ಹ್ಯೂಬರ್ಟನಿಗೆ ಆಶ್ಚರ್ಯವಾಯಿತು, ಎದೆಯ ಮೇಲಿನ ಕಲ್ಲು ಇಳಿದಿತ್ತು. ಬೆನ್ನು ಬಾಗಿದ್ದರೂ ಅವನು ಅಪ್ಪನ ಮಗನಾಗಿ ತನ್ನದೇ ಅಂಗಳದಲ್ಲಿ ನಿಂತಿದ್ದ. ಈ ಹಗುರ ಯಾರಿಗೆ ಮೊದಲು ಸಿಗಬೇಕಿತ್ತೋ ಅವಳು ಮಣ್ಣಲ್ಲಿದ್ದಳು.

ಹಿತ್ತಿಲಿನಲ್ಲಿ ಮೆರ್ಲಿನ್ ದೊಡ್ಡ ಅನ್ನದ ಪಾತ್ರೆಯನ್ನು ಮಗುಚಿ ಉಜ್ಜುತ್ತಿದ್ದಳು. ಉಳಿದ ಅನ್ನ ಎರಡು ಬುಟ್ಟಿ ತುಂಬಿತ್ತು. ಹ್ಯೂಬರ್ಟ್ ಪಂಚೆ ಎತ್ತಿಕಟ್ಟಿ ಅವಳ ಎದುರು ಕೂತು ಇನ್ನೊಂದು ಪಾತ್ರೆ ಎಳೆದುಕೊಂಡ.

"ಮೆಲ್ವಿನ್‌ನ ವಿಷಯದಲ್ಲಿ ನಾನು ಪಾಪ ಮಾಡಿದೆ ಮಗಾ."

"ಹೌದು."

"ಅವನ ಮನೆಗೆ ಹೋಗಿ ಕ್ಷಮೆ ಕೇಳ್ಲಾ?"

"ಬೇಡ. ಅವರಿಗೊಂದು ಮಗು ಉಂಟು, ಸುಖದಲ್ಲಿದ್ದಾರೆ. ನಿಮ್ಮ ಸಮಾಧಾನಕ್ಕೆ ಅವರ ಮನೆ ಬಾಗಿಲು ತಟ್ಟಬೇಡಿ."

"ನೀನಾದರೂ ಕ್ಷಮಿಸ್ತೀಯಾ?"

"ದೇವರು ಕ್ಷಮಿಸಿರಬಹುದು. ಅವರಿಗೆ ಅಭ್ಯಾಸ ಉಂಟು. ನಂಗೆ ಸ್ವಲ್ಪ ಸಮಯ ಬೇಕು ಡ್ಯಾಡಿ."

ಅವನು ತಲೆಯಾಡಿಸಿದ. ಬೂದಿ ತೆಗೆದುಕೊಂಡು ಪಾತ್ರೆಯ ತಳಕ್ಕೆ ಹಚ್ಚಿದ. ಒಂದು ವಾರದಿಂದ ಕೇಳಬೇಕೆಂದು ಕೇಳಲಾರದೆ ಇದ್ದದ್ದನ್ನು ಕೊನೆಗೆ ಕೇಳಿದ.

"ಅವತ್ತು ಮಾಂಯ್ ಎಂತಾದ್ರೂ ಹೇಳಿದ್ರಾ?"

ಮೆರ್ಲಿನ್ ನೀರಿನ ನಲ್ಲಿ ನಿಲ್ಲಿಸಿದಳು. ಹೇಳಬೇಕೋ ಬೇಡವೋ ಎಂದು ಅವಳು ತೂಗಿ ನೋಡುತ್ತಿರುವುದು ಅವನಿಗೆ ಕಂಡಿತು.

"'ಹ್ಯೂಬಿಗೆ ಬೈಬೇಡಿ' ಅಂದ್ರು. 'ಅವನ ಪಪ್ಪನಿಗೂ ಇದನ್ನು ಒಪ್ಪಿಕೊಳ್ಳಲಿಕ್ಕೆ ತುಂಬ ಸಮಯ ಬೇಕಾಯ್ತು. ಇವನೂ ಬರ್ತಾನೆ, ನಾನು ಕಾಯ್ತೇನೆ' ಅಂದ್ರು."

"ಮತ್ತೆ?"

"ಮತ್ತೆ ಕಾದ್ರು ಡ್ಯಾಡಿ. ಮೂರು ಗಂಟೆಯವರೆಗೆ ಕಾದ್ರು."